ದೊಡ್ಡಮ್ಮನಿಗೆ ಕೇಳಿಸಿದ್ದು

‘ಕಲ್ಲು ಹೊಟ್ಟೆಯಲ್ಲೇ ಇರ್ಲಿ ಬಿಡು. ನಾನು ಮಾತ್ರ ಮಂಪರು ಕೊಡಿಸ್ಕೊಳಲ್ಲ.’

ಸ್ಕ್ಯಾನಿಂಗ್ ರಿಪೋರ್ಟನ್ನು ಮಡಚಿ ಬೀರುವಿಗೆ ಸೇರಿಸುತ್ತಾ ದೊಡ್ಡಮ್ಮ ಹೇಳಿದ ಮಾತಿದು. ಅವಳ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ತಿಂಗಳಲ್ಲಿ ಎರಡು ಮೂರು ರಾತ್ರಿ ಬಲಪಕ್ಕೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಆಪರೇಷನ್ ಮಾಡಿಸಲೇಬೇಕು ಎಂದು ಡಾಕ್ಟರ್ ಹೇಳಿಯಾಗಿತ್ತು. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ತೆಂಗಿನ ತೋಟ, ಎರಡು ಹಸು, ಡೇರಿಯ ಲೆಕ್ಕ ಎಲ್ಲವನ್ನೂ ಒಬ್ಬಳೇ ತೂಗಿಸುವ ದೊಡ್ಡಮ್ಮ ಹಾವು ಕಂಡರೂ ಹೆದರುವವಳಲ್ಲ. ಅವಳಿಗೆ ಭಯ ಇದ್ದದ್ದು ಅರಿವಳಿಕೆಗೆ ಮಾತ್ರ.

ಅದಕ್ಕೊಂದು ಹಳೇ ಕಥೆಯಿತ್ತು. 24 ವರ್ಷದ ಹಿಂದೆ ಅವಳ ಮಗ, ಅಂದರೆ ನಮ್ಮಣ್ಣ, ಹುಟ್ಟಿದ್ದು ಸಿಸೇರಿಯನ್ ಆಗಿ. ರಾತ್ರಿ ಹೊತ್ತು, ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ತುರ್ತಾಗಿ ಥಿಯೇಟರ್‌ಗೆ ಕರೆದೊಯ್ದಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಡುವಷ್ಟು ಸಮಯ ಇಲ್ಲವೆಂದು ಪೂರ್ತಿ ಜ್ಞಾನ ತಪ್ಪಿಸಿದ್ದರು.

‘ಎಲ್ಲ ಕೇಳಿಸ್ತಿತ್ತು ಕಣೇ. ಕರೆಂಟು ಹೋಯ್ತು, ಜನರೇಟ್ರು ಹಾಕ್ರೀ ಅಂದ್ರು ಯಾರೋ. ಹೊಟ್ಟೆ ಒಳಗೆ ಕೈ ಹಾಕಿ ಎಳೆದಂಗಾಯ್ತು. ಕೂಗಾಣ ಅಂದ್ರೆ ಬಾಯಿ ಬರಲ್ಲ, ಕೈ ಎತ್ತಾಣ ಅಂದ್ರೆ ಕೈ ಏಳಲ್ಲ. ರೆಪ್ಪೆ ಸಹ ಅಲ್ಲಾಡ್ಲಿಲ್ಲ. ಸತ್ತೇ ಹೋದೆ ಅನ್ಕಂಡೆ.’

ಮಾರನೇ ದಿನ ಅವಳು ಇದನ್ನು ಹೇಳಿದಾಗ, ಮಂಪರಿನಲ್ಲಿ ಹಾಗೆಲ್ಲ ಕನಸು ಬೀಳುತ್ತೆ ಎಂದು ಸಮಾಧಾನ ಮಾಡಿ ಕಳಿಸಿದರಂತೆ. ಮನೆಯವರೂ ನಂಬಲಿಲ್ಲ. ಮದುವೆ, ನಾಮಕರಣಗಳಲ್ಲಿ ಎಲ್ಲರೂ ಸೇರಿದಾಗ ‘ದೊಡ್ಡಮ್ಮನ ಜನರೇಟ್ರು ಕಥೆ’ ಹೇಳಿ ನಗುವುದು ನಮ್ಮ ಮನೆಯ ರೂಢಿಯೇ ಆಗಿಹೋಗಿತ್ತು. ನಗುವವರಲ್ಲಿ ನಾನೂ ಇದ್ದೆ. ಆ ಬೀರುವಿನ ಮುಂದೆ ನಿಂತಾಗಲೂ, ‘ದೊಡ್ಡಮ್ಮಾ, ಈಗ ಎಲ್ಲದಕ್ಕೂ ಮಷೀನ್ ಇದೆ, ನೀನೇನೂ ಹೆದರಬೇಡ’ ಎಂದೆ. ಹಾಗೆನ್ನಲು ನನಗೊಂದು ಕಾರಣವೂ ಇತ್ತು. ಅಂಥ ಮಷೀನನ್ನೇ ನಾನು ಕಾಲೇಜಿನಲ್ಲಿ ಮಾಡುತ್ತಿದ್ದೆ!

ಸಿಯೋಲ್‌ನಿಂದ ಬಂದ ಅಲೆಗಳು

ನಾನು ಓದುತ್ತಿರುವುದು ಬಿ.ಇ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಕ್ಲಾಸಿನ ಅರ್ಧ ಜನ ಸ್ಮಾರ್ಟ್ ಡಸ್ಟ್‌ಬಿನ್, ಇನ್ನರ್ಧ ಜನ ಹಾಜರಾತಿ ಹಾಕುವ ಕ್ಯಾಮೆರಾ ಆರಿಸಿಕೊಂಡಿದ್ದರು. ನಾನು ಮತ್ತು ನನ್ನ ಗೆಳತಿ ಬೇರೆ ಏನಾದರೂ ಮಾಡೋಣವೆಂದು ಹುಡುಕುತ್ತಿದ್ದಾಗ ವೈಟಲ್‌ಡಿಬಿ ಸಿಕ್ಕಿತು. ದಕ್ಷಿಣ ಕೊರಿಯಾದ ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿ ಆಸ್ಪತ್ರೆ 6,388 ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು, ರೋಗಿಗಳ ಗುರುತು ತೆಗೆದುಹಾಕಿ, ಯಾರು ಬೇಕಾದರೂ ಬಳಸುವಂತೆ ಬಿಟ್ಟಿದೆ. ಎದೆಬಡಿತ, ರಕ್ತದೊತ್ತಡ, ಉಸಿರಿನಲ್ಲಿರುವ ಅನಿಲದ ಪ್ರಮಾಣ, ಜತೆಗೆ ಹಲವರ ಮೆದುಳಿನ ಅಲೆಗಳು, ಅಂದರೆ ಇಇಜಿ, ಎಲ್ಲವೂ ಅದರಲ್ಲಿವೆ.

ಮೆದುಳಿನ ಸಿಗ್ನಲ್ ಎಷ್ಟು ಚಿಕ್ಕದು ಎಂದು ಗೊತ್ತಾಗಿದ್ದೇ ಆಗ. ಇಸಿಜಿಯಲ್ಲಿ ಸಿಗುವ ಹೃದಯದ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್ ಇದ್ದರೆ, ಹಣೆಯ ಮೇಲೆ ಸಿಗುವ ಇಇಜಿ ಕೆಲವೇ ಹತ್ತು ಮೈಕ್ರೊವೋಲ್ಟ್. ಕಣ್ಣು ಮಿಟುಕಿಸಿದರೂ, ಹುಬ್ಬು ಗಂಟಿಕ್ಕಿದರೂ ಅದು ಮುಚ್ಚಿಹೋಗುತ್ತದೆ. ಕರೆಂಟಿನ ಗುಂಯ್‌ಗುಡುವಿಕೆ ತೆಗೆಯಲು ಲ್ಯಾಬ್‌ನಲ್ಲಿ ಕಲಿಸಿದಂತೆ 50 ಹರ್ಟ್ಸ್‌ಗೆ ಫಿಲ್ಟರ್ ಹಾಕಿದೆ. ಕೊರಿಯಾದಲ್ಲಿ ಕರೆಂಟು ಬರುವುದು 60 ಹರ್ಟ್ಸ್‌ನಲ್ಲಿ ಎಂದು ಎರಡು ದಿನವಾದ ಮೇಲೆ ಗೆಳತಿ ಕಂಡುಹಿಡಿದಳು.

ಎಚ್ಚರದಲ್ಲಿರುವವರ ಅಲೆಗಳು ಚಿಕ್ಕವು, ವೇಗದವು, ಸಂತೆಯ ಗಲಾಟೆಯ ಹಾಗೆ. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ರಕ್ತಕ್ಕೆ ಸೇರಿದ ಮೇಲೆ ಹಣೆಯ ಭಾಗದಲ್ಲಿ ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುವ ಅಲೆ ಕಾಣಿಸುತ್ತದೆ, ಅದರ ಅಡಿಯಲ್ಲಿ ದೊಡ್ಡ ನಿಧಾನದ ಅಲೆಗಳು ಬರುತ್ತವೆ. ಔಷಧ ಇನ್ನೂ ಹೆಚ್ಚಾದರೆ ಒಂದಷ್ಟು ಹೊತ್ತು ಅಲೆ, ಒಂದಷ್ಟು ಹೊತ್ತು ಗೆರೆ ಎಳೆದಂತೆ ಖಾಲಿ. ಆಪರೇಷನ್ ನಡೆಯುತ್ತಿರುವಾಗ ಯಾರೂ ಕುಳಿತು ಈ ಅಲೆಗಳನ್ನು ಅಳೆಯಲಾಗದು. ಅದಕ್ಕೇ ‘ಬಿಸ್’ ಎಂಬ ಮಾನಿಟರ್ ಇದೆ. ಹಣೆಗೆ ಒಂದು ಪಟ್ಟಿ ಅಂಟಿಸಿದರೆ ಅದು ಅಲೆಗಳನ್ನು ಲೆಕ್ಕ ಹಾಕಿ 0ಯಿಂದ 100ರ ನಡುವೆ ಒಂದು ಸಂಖ್ಯೆ ತೋರಿಸುತ್ತದೆ. 100ರ ಹತ್ತಿರ ಇದ್ದರೆ ಎಚ್ಚರ. ಆಪರೇಷನ್ ಹೊತ್ತಿನಲ್ಲಿ 40ರಿಂದ 60ರೊಳಗೆ ಇರಬೇಕು. ಅಮೆರಿಕದ ಔಷಧ ಆಡಳಿತ ಇದಕ್ಕೆ ಅನುಮತಿ ಕೊಟ್ಟಿದ್ದು 1996ರಲ್ಲಿ.

ನಮ್ಮ ಮಾಡೆಲ್‌ಗೆ ನಾವು ಕಲಿಸಿದ್ದು ಇಷ್ಟೆ: ಅಲೆ ನೋಡಿ ಸಂಖ್ಯೆ ಹೇಳು. ಮೂರು ವಾರ ಪೈಥಾನ್ ಜತೆ ಗುದ್ದಾಡಿದ ಮೇಲೆ ಅದು ಬಿಸ್ ಸಂಖ್ಯೆಗೆ ಸರಾಸರಿ ಆರೇಳು ಅಂಕಗಳ ವ್ಯತ್ಯಾಸದಲ್ಲಿ ಉತ್ತರ ಹೇಳತೊಡಗಿತು. ರಿಪೋರ್ಟಿನ ಮೇಲೆ ದೊಡ್ಡಕ್ಷರದಲ್ಲಿ ‘ಕೃತಕ ಬುದ್ಧಿಮತ್ತೆಯಿಂದ ಪ್ರಜ್ಞೆಯ ಮಟ್ಟದ ಪತ್ತೆ’ ಎಂದು ಹಾಕಿಕೊಂಡೆವು.

ಗೈಡ್ ಮೇಡಂ ರಿಪೋರ್ಟ್ ತಿರುವಿ ಹಾಕಿ ಕೇಳಿದರು. ‘ನಿಮ್ಮ ಮಾಡೆಲ್‌ಗೆ ಸರಿಯುತ್ತರ ಹೇಳಿಕೊಟ್ಟಿದ್ದು ಯಾರು?’

‘ಬಿಸ್ ಮಾನಿಟರ್ ಮೇಡಂ.’

‘ಹಾಗಾದ್ರೆ ಇದು ಬಿಸ್ ಮಾನಿಟರನ್ನ ಅನುಕರಿಸೋದು ಕಲ್ತಿದೆ. ಪ್ರಜ್ಞೆ ಎಲ್ಲಿ ಬಂತು? ನಿಮ್ಮ ಡೇಟಾದಲ್ಲಿ ಯಾರಾದ್ರೂ ಪೇಷಂಟನ್ನ, ನಿಮಗೆ ಎಚ್ಚರ ಇತ್ತಾ ಅಂತ ಕೇಳಿದಾರಾ?’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನನಗೆ ಯಾಕೋ ಬೀರುವಿನ ಮುಂದೆ ನಿಂತ ದೊಡ್ಡಮ್ಮ ನೆನಪಾದಳು. ಅವಳನ್ನೂ ಯಾರೂ ಕೇಳಿರಲಿಲ್ಲ. ಅವಳಾಗಿಯೇ ಹೇಳಿದಾಗಲೂ ಕೇಳಿಸಿಕೊಂಡಿರಲಿಲ್ಲ.

ಕೈಕಾಲು ಕಟ್ಟಿಹಾಕುವ ಔಷಧ

ಆ ವಾರ ನಾನು ಓದಿದ್ದು ನನ್ನ ಸಿಲೆಬಸ್‌ನಲ್ಲಿ ಇಲ್ಲದ್ದು. ಪೂರ್ತಿ ಅರಿವಳಿಕೆ ಎಂದರೆ ಒಂದೇ ಔಷಧ ಎಂದು ನಾನು ತಿಳಿದಿದ್ದೆ. ನಿಜಕ್ಕೂ ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಎಚ್ಚರ ತಪ್ಪಿಸಲು ಪ್ರೊಪೊಫಾಲ್ ಅಥವಾ ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್‌ನಂಥ ಅನಿಲ. ನೋವು ತಡೆಯಲು ಫೆಂಟನಿಲ್‌ನಂಥ ಔಷಧ. ಮೂರನೆಯದು, ಸ್ನಾಯುಗಳನ್ನು ಪೂರ್ತಿ ಸಡಿಲ ಮಾಡುವ ವೆಕುರೋನಿಯಂ, ಅಟ್ರಾಕ್ಯುರಿಯಂನಂಥವು. ಗಂಟಲಿಗೆ ಉಸಿರಿನ ಕೊಳವೆ ಇಳಿಸಲು, ಹೊಟ್ಟೆಯ ಸ್ನಾಯು ಬಿಗಿಯದಂತೆ ನೋಡಿಕೊಳ್ಳಲು ಇದು ಬೇಕು. ಇದನ್ನು ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರೂ ಆಡಲಾರ, ಯಂತ್ರವೇ ಆಡಿಸಬೇಕು.

ಮೂರನೆಯದು ಸ್ನಾಯುವಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಎಚ್ಚರಕ್ಕೂ ನೋವಿಗೂ ಅದು ಏನೂ ಮಾಡುವುದಿಲ್ಲ. ಯಾವುದೋ ಕಾರಣಕ್ಕೆ ಮೊದಲ ಎರಡು ಕಡಿಮೆಯಾಗಿ ಮೂರನೆಯದು ಮಾತ್ರ ಉಳಿದರೆ? ‘ಬಾಯಿ ಬರಲ್ಲ, ಕೈ ಏಳಲ್ಲ’ ಎಂದು ದೊಡ್ಡಮ್ಮ ಹೇಳಿದ್ದು ಅಕ್ಷರಶಃ ಅದನ್ನೇ.

ಹಿಂದೆ ಹೀಗಿರಲಿಲ್ಲ. 1845ರ ಜನವರಿಯಲ್ಲಿ ಬೋಸ್ಟನ್‌ನಲ್ಲಿ ದಂತವೈದ್ಯ ಹೊರೇಸ್ ವೆಲ್ಸ್, ನೈಟ್ರಸ್ ಆಕ್ಸೈಡ್ ಕೊಟ್ಟು ಎಲ್ಲರೆದುರು ಹಲ್ಲು ಕಿತ್ತು ತೋರಿಸಿದ. ರೋಗಿ ಕೂಗಿಕೊಂಡ, ನೆರೆದವರು ಇದು ಮೋಸ ಎಂದು ನಕ್ಕರು. ಆದರೆ ತನಗೆ ಹೆಚ್ಚು ನೋವಾಗಲಿಲ್ಲ ಎಂದು ಆ ರೋಗಿ ಆಮೇಲೆ ಹೇಳಿದ. ಮರುವರ್ಷ, 1846ರ ಅಕ್ಟೋಬರ್ 16ರಂದು ಅದೇ ಊರಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು, ಸರ್ಜನ್ ಜಾನ್ ವಾರನ್ ರೋಗಿಯ ಕುತ್ತಿಗೆಯ ಗಡ್ಡೆ ತೆಗೆದರು. ಅರಿವಳಿಕೆಯ ಚರಿತ್ರೆ ಶುರುವಾಗುವುದೇ ಆ ದಿನದಿಂದ ಎನ್ನುತ್ತಾರೆ. ಆ ರೋಗಿ ಸುಮ್ಮನೆ ಮಲಗಿದ್ದ. ಆಮೇಲೆ ಕೇಳಿದರೆ, ನೋವಾಗಲಿಲ್ಲ, ಕುತ್ತಿಗೆ ಕೆರೆದಂತೆ ಅನಿಸಿತು ಎಂದ. ಕೂಗಿದವನಿಗೆ ನೋವು ಅಷ್ಟಿರಲಿಲ್ಲ, ಸುಮ್ಮನಿದ್ದವನಿಗೆ ಸ್ವಲ್ಪ ಅರಿವಿತ್ತು. ಹೊರಗಿನಿಂದ ನೋಡಿ ಒಳಗಿನದನ್ನು ಹೇಳುವುದು ಮೊದಲ ದಿನದಿಂದಲೇ ಕಷ್ಟವಾಗಿತ್ತು.

ಆದರೂ ನೂರು ವರ್ಷ ಒಂದು ಅನುಕೂಲವಿತ್ತು. ಔಷಧ ಕಡಿಮೆಯಾದರೆ ರೋಗಿ ಅಲುಗಾಡುತ್ತಿದ್ದ, ಉಸಿರು ಬದಲಾಗುತ್ತಿತ್ತು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್, ದಕ್ಷಿಣ ಅಮೆರಿಕದ ಬೇಟೆಗಾರರ ಬಾಣದ ವಿಷವಾಗಿದ್ದ ಕ್ಯುರಾರೆಯನ್ನು ಸ್ನಾಯು ಸಡಿಲಿಸಲು ಬಳಸಿದರು. ಅದರಿಂದ ಎಷ್ಟೋ ಕಷ್ಟದ ಆಪರೇಷನ್‌ಗಳು ಸಾಧ್ಯವಾದವು. ಹಾಗೆಯೇ, ನನಗೆ ಎಚ್ಚರವಿದೆ ಎಂದು ತೋರಿಸಲು ರೋಗಿಗಿದ್ದ ದಾರಿಯೂ ಮುಚ್ಚಿತು.

670ರಲ್ಲಿ ಒಂದು

ಇದು ಎಷ್ಟು ಜನಕ್ಕೆ ಆಗುತ್ತದೆ? ಬ್ರಿಟನ್ ಮತ್ತು ಐರ್ಲೆಂಡ್‌ನ ಅರಿವಳಿಕೆ ತಜ್ಞರು ದೇಶವ್ಯಾಪಿ ದಾಖಲೆ ಸಂಗ್ರಹಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಹೆಸರು ‘ನ್ಯಾಪ್5’. ಅದರ ಪ್ರಕಾರ, ಪೂರ್ತಿ ಅರಿವಳಿಕೆ ಪಡೆದವರಲ್ಲಿ ಸುಮಾರು 19,000ಕ್ಕೆ ಒಬ್ಬರು ನಡುವೆ ಎಚ್ಚರವಾಯಿತೆಂದು ತಾವಾಗಿ ಹೇಳಿದ್ದಾರೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟವರನ್ನಷ್ಟೇ ತೆಗೆದುಕೊಂಡರೆ 8,000ಕ್ಕೆ ಒಬ್ಬರು. ಕೊಡದವರಲ್ಲಿ 1,36,000ಕ್ಕೆ ಒಬ್ಬರು. ಆಪರೇಷನ್ ಆದ ಮೇಲೆ ಒಬ್ಬೊಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದ ಅಧ್ಯಯನಗಳಲ್ಲಿ ಸಂಖ್ಯೆ ಹೆಚ್ಚು, ಸಾವಿರಕ್ಕೆ ಒಬ್ಬರು ಅಥವಾ ಇಬ್ಬರು. ತಾವಾಗಿ ಹೇಳುವವರು ಎಷ್ಟು ಕಡಿಮೆ ನೋಡಿ.

ಮುಂದಿನ ಸಾಲು ಓದುವಾಗ ನನ್ನ ಕೈ ನಿಂತಿತು. ಪೂರ್ತಿ ಅರಿವಳಿಕೆಯಲ್ಲಿ ನಡೆದ ಸಿಸೇರಿಯನ್‌ಗಳಲ್ಲಿ 670ಕ್ಕೆ ಒಬ್ಬರು!

ಕಾರಣವೂ ಸ್ಪಷ್ಟವಿದೆ. ತಾಯಿಗೆ ಕೊಟ್ಟದ್ದು ಮಗುವಿಗೂ ಹೋಗುತ್ತದೆ. ಹಾಗಾಗಿ ಮಗು ಹೊರಬರುವವರೆಗೆ ನೋವಿನ ಔಷಧವನ್ನು ಸಾಮಾನ್ಯವಾಗಿ ತಡೆಹಿಡಿಯುತ್ತಾರೆ. ತುರ್ತು ಇರುವುದರಿಂದ ಜ್ಞಾನ ತಪ್ಪಿಸುವ ಇಂಜೆಕ್ಷನ್‌ಗೂ ಹೊಟ್ಟೆ ಕೊಯ್ಯುವುದಕ್ಕೂ ನಡುವೆ ಹೆಚ್ಚು ಹೊತ್ತಿರುವುದಿಲ್ಲ. ಇಂಜೆಕ್ಷನ್ನಿನ ಪ್ರಭಾವ ಇಳಿಯುತ್ತಾ, ಉಸಿರಿನ ಅನಿಲದ ಪ್ರಭಾವ ಇನ್ನೂ ಪೂರ್ತಿ ಏರದೆ ಇರುವ ಒಂದು ಸಂದು ಅದು. ಆ ಸಂದಿನಲ್ಲೇ ಯಾರೋ ‘ಜನರೇಟ್ರು ಹಾಕ್ರೀ’ ಎಂದಿರಬೇಕು.

ನಾವು ಇಪ್ಪತ್ತು ವರ್ಷ ನಕ್ಕ ಕಥೆ ವರದಿಯೊಂದರಲ್ಲಿ ಅಂಕಿಸಂಖ್ಯೆಯಾಗಿ ಕೂತಿತ್ತು.

ಎಚ್ಚರವಿದ್ದವರಿಗೂ 60ರ ಕೆಳಗೆ

ಹಾಗಾದರೆ ಬಿಸ್ ಹಾಕಿದರೆ ಸಾಕಲ್ಲ ಎಂದು ನಾನು ಇನ್ನೂ ಪಟ್ಟು ಬಿಟ್ಟಿರಲಿಲ್ಲ. 2004ರ ‘ಬಿ-ಅವೇರ್’ ಅಧ್ಯಯನ ನನ್ನ ಪರವಾಗಿತ್ತು. ಎಚ್ಚರವಾಗುವ ಅಪಾಯ ಹೆಚ್ಚಿದ್ದ 2,463 ರೋಗಿಗಳಲ್ಲಿ ಬಿಸ್ ನೋಡಿಕೊಂಡು ಔಷಧ ಕೊಟ್ಟವರಲ್ಲಿ ಇಬ್ಬರಿಗೆ, ಉಳಿದವರಲ್ಲಿ 11 ಜನಕ್ಕೆ ಎಚ್ಚರವಾಗಿತ್ತು. ಆದರೆ 2011ರ ‘ಬ್ಯಾಗ್-ರೀಕಾಲ್’ ಅಧ್ಯಯನ ಬೇರೆ ಕಥೆ ಹೇಳಿತು. ಸುಮಾರು 5,700 ರೋಗಿಗಳಲ್ಲಿ ಅರ್ಧ ಜನಕ್ಕೆ ಬಿಸ್, ಇನ್ನರ್ಧಕ್ಕೆ ಅವರು ಹೊರಬಿಡುವ ಉಸಿರಿನಲ್ಲಿ ಅರಿವಳಿಕೆ ಅನಿಲ ಎಷ್ಟಿದೆ ಎಂದು ಅಳೆದು, ಕಡಿಮೆಯಾದರೆ ಅಲಾರಂ ಹೊಡೆಯುವ ವ್ಯವಸ್ಥೆ. ಬಿಸ್ ಗುಂಪಿನಲ್ಲಿ ಏಳು ಜನಕ್ಕೆ, ಅಲಾರಂ ಗುಂಪಿನಲ್ಲಿ ಇಬ್ಬರಿಗೆ ಎಚ್ಚರವಾಗಿತ್ತು.

ನನ್ನ ಅಹಂಕಾರ ಇಳಿಸಿದ್ದು 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗ. ಹತ್ತು ಜನ ಸ್ವಯಂಸೇವಕರು, ಪೂರ್ತಿ ಎಚ್ಚರದಲ್ಲಿದ್ದುಕೊಂಡೇ, ಸ್ನಾಯು ಸಡಿಲಿಸುವ ಔಷಧವನ್ನು ಮಾತ್ರ ತೆಗೆದುಕೊಂಡರು. ಎಚ್ಚರ ತಪ್ಪಿಸುವ ಔಷಧ ಒಂದು ಹನಿಯೂ ಇಲ್ಲ. ಬಿಸ್ ಸಂಖ್ಯೆ ಪ್ರತಿ ಸಲವೂ ಇಳಿಯಿತು, ಆಪರೇಷನ್‌ಗೆ ಸಾಕು ಎನ್ನುವ 60ರ ಕೆಳಕ್ಕೂ ಹೋಯಿತು. ಒಳಗೆ ಮನುಷ್ಯರು ಎಲ್ಲವನ್ನೂ ಕೇಳುತ್ತಿದ್ದರು, ಪರದೆ ಮಾತ್ರ ನಿದ್ದೆ ಎನ್ನುತ್ತಿತ್ತು. ಹಣೆಯ ಸ್ನಾಯುಗಳ ಮಿಡಿತವೂ ವೇಗದ ಸಿಗ್ನಲ್ಲೇ. ಮಾನಿಟರ್ ಅದನ್ನೂ ಎಚ್ಚರದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಸ್ನಾಯು ಸುಮ್ಮನಾದರೆ ಲೆಕ್ಕ ತಪ್ಪುತ್ತದೆ. ಕೆಟಮಿನ್ ಎಂಬ ಔಷಧ ಕೊಟ್ಟಾಗ ಉಲ್ಟಾ, ರೋಗಿಗೆ ಜ್ಞಾನವಿಲ್ಲದಿದ್ದರೂ ಸಂಖ್ಯೆ ಏರಬಹುದು.

ನನ್ನ ಮಾಡೆಲ್ ಇಂಥ ತಪ್ಪನ್ನೂ ಕಲಿತಿರುತ್ತದೆ. ಗುರು ತಪ್ಪು ಹೇಳಿದರೆ ಅದನ್ನೇ ಚಾಚೂ ತಪ್ಪದೆ ಹೇಳುವ ಶಿಷ್ಯನ ಹಾಗೆ.

ಕೈ ಹಿಸುಕಿ ಹೇಳಿದವರು

ರೋಗಿಯನ್ನೇ ಕೇಳುವ ದಾರಿಯೊಂದನ್ನು ಸ್ಕಾಟ್ಲೆಂಡ್‌ನ ಅಬರ್ಡೀನ್‌ನ ವೈದ್ಯ ಮೈಕೆಲ್ ಟನ್‌ಸ್ಟಾಲ್ 1977ರಲ್ಲಿ ಪ್ರಕಟಿಸಿದರು. ಅದೂ ಸಿಸೇರಿಯನ್ ತಾಯಂದಿರಿಗಾಗಿ. ಉಪಾಯ ಎಷ್ಟು ಸರಳ ಎಂದರೆ, ಸ್ನಾಯು ಸಡಿಲಿಸುವ ಔಷಧ ಕೊಡುವ ಮೊದಲು ಒಂದು ತೋಳಿಗೆ ಬಿಪಿ ನೋಡುವಂಥ ಪಟ್ಟಿ ಕಟ್ಟಿ ಗಾಳಿ ತುಂಬುವುದು. ಔಷಧ ಆ ಕೈಗೆ ಇಳಿಯುವುದಿಲ್ಲ. ಮೈಯೆಲ್ಲ ಸ್ತಬ್ಧವಾದರೂ ಆ ಕೈಗೆ ಮಾತ್ರ ಶಕ್ತಿ ಉಳಿದಿರುತ್ತದೆ. ಆಮೇಲೆ ಹೆಸರು ಹಿಡಿದು ಕರೆದು, ನನ್ನ ಮಾತು ಕೇಳಿಸುತ್ತಿದ್ದರೆ ಕೈ ಹಿಸುಕಿ ಎನ್ನುವುದು.

2017ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ 260 ರೋಗಿಗಳಲ್ಲಿ ಹೀಗೆ ಕೇಳಿದ ಫಲಿತಾಂಶ ಬಂತು. ಗಂಟಲಿಗೆ ಕೊಳವೆ ಇಳಿಸಿದ ಮೇಲೆ 12 ಜನ ಕೈ ಹಿಸುಕಿದರು. ನೋವಾಗುತ್ತಿದ್ದರೆ ಇನ್ನೊಮ್ಮೆ ಹಿಸುಕಿ ಎಂದಾಗ ಐದು ಜನ ಮತ್ತೆ ಹಿಸುಕಿದರು. ಹೀಗೆ ಹಿಸುಕಿದವರಿಗೆ ಎಚ್ಚರವಾದ ಮೇಲೆ ಸಾಮಾನ್ಯವಾಗಿ ಅದು ನೆನಪಿರುವುದಿಲ್ಲ. ಎಚ್ಚರ ಬೇರೆ, ನೋವು ಬೇರೆ, ನೆನಪು ಬೇರೆ. ಒಂದು ಇದ್ದು ಇನ್ನೊಂದು ಇಲ್ಲದೆ ಇರಬಹುದು. ದೊಡ್ಡಮ್ಮನ ದುರದೃಷ್ಟಕ್ಕೆ ಮೂರೂ ಒಟ್ಟಿಗೆ ಇದ್ದವು.

ನೋವಿಗೆ ಮೀಟರ್ ಇದೆಯೇ?

ನೋವು ಎಂಬುದು ಅನುಭವ, ಅನುಭವಿಸುವವರಿಗೆ ಎಚ್ಚರ ಇರಬೇಕು. ಆದರೆ ಗಾಯವಾದ ಸುದ್ದಿ ನರಗಳಲ್ಲಿ ಓಡುವುದಕ್ಕೆ ಎಚ್ಚರ ಬೇಕಿಲ್ಲ. ಚಾಕು ತಾಗಿದಾಗ ಜ್ಞಾನ ತಪ್ಪಿದವರಲ್ಲೂ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಬೆವರು ಬರುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ. ಕೆಲವು ಮಾನಿಟರ್‌ಗಳು ಅಳೆಯುವುದು ಇದನ್ನೇ. ಒಂದು ಬಗೆಯದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕ್ಲಿಪ್ಪಿನ ಅಲೆಯನ್ನೇ ನೋಡುತ್ತದೆ. ಒತ್ತಡಕ್ಕೆ ಬೆರಳ ರಕ್ತನಾಳ ಬಿಗಿದು ಅಲೆ ಕುಗ್ಗುತ್ತದೆ, ಬಡಿತಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಎರಡನ್ನೂ ಸೇರಿಸಿ ಒಂದು ಸಂಖ್ಯೆ. ಇನ್ನೊಂದು, ಉಸಿರಿನ ಜತೆ ಎದೆಬಡಿತದ ವೇಗ ಹೇಗೆ ಏರಿಳಿಯುತ್ತದೆ ಎಂದು ನೋಡುತ್ತದೆ. ಮತ್ತೊಂದು ಕಣ್ಣಪಾಪೆಯನ್ನೇ ಕ್ಯಾಮೆರಾದಲ್ಲಿ ಅಳೆಯುತ್ತದೆ.

ಎಲ್ಲವೂ ಪರೋಕ್ಷ. ರಕ್ತ ಹೆಚ್ಚು ಹೋದರೂ ಎದೆಬಡಿತ ಏರುತ್ತದೆ. ಅಟೆನೊಲಾಲ್‌ನಂಥ ಬಿಪಿ ಮಾತ್ರೆ ತಿನ್ನುವವರಲ್ಲಿ ಏರಬೇಕಾದಷ್ಟು ಏರುವುದೇ ಇಲ್ಲ. ದೊಡ್ಡಮ್ಮ ದಿನಾ ಬೆಳಿಗ್ಗೆ ನುಂಗುವುದೂ ಅದೇ ಮಾತ್ರೆ! ಇನ್ನು ಮೈ ಅಲುಗಾಡುವುದನ್ನು ನಂಬೋಣವೆಂದರೆ, ಚಾಕು ತಾಗಿದಾಗಿನ ಅಲುಗಾಟವನ್ನು ಅನಿಲ ಅರಿವಳಿಕೆ ತಡೆಯುವುದು ಮುಖ್ಯವಾಗಿ ಬೆನ್ನುಹುರಿಯಲ್ಲಿ ಎಂದು 1993ರಲ್ಲೇ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮೈ ಅಲುಗದಿದ್ದರೆ ಮೆದುಳು ಮಲಗಿದೆ ಎಂದೇನೂ ಅರ್ಥವಲ್ಲ.

ಡಾಕ್ಟರ್ ನಗಲಿಲ್ಲ

ಡಿಸೆಂಬರ್‌ನಲ್ಲಿ ದೊಡ್ಡಮ್ಮನಿಗೆ ಮತ್ತೆ ನೋವು ಬಂತು, ಜ್ವರವೂ ಸೇರಿತು. ಆಪರೇಷನ್‌ಗೆ ಒಪ್ಪದೆ ವಿಧಿಯಿರಲಿಲ್ಲ. ಆಪರೇಷನ್ ಮೊದಲಿನ ಅರಿವಳಿಕೆ ತಪಾಸಣೆಗೆ ನಾನೇ ಜತೆಗೆ ಹೋದೆ. ‘ಜನರೇಟ್ರು ವಿಷಯ ಹೇಳ್ಬೇಡ, ನಗ್ತಾರೆ’ ಎಂದು ಆಟೊದಲ್ಲೇ ನನಗೆ ತಾಕೀತು ಮಾಡಿದ್ದಳು.

ನಾನು ಹೇಳಿಬಿಟ್ಟೆ. ಅರಿವಳಿಕೆ ತಜ್ಞೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಗಲಿಲ್ಲ.

‘ಹೇಳಿಮ್ಮಾ, ಏನೇನು ಕೇಳಿಸ್ತು? ನೋವಾಯ್ತಾ? ಉಸಿರು ಕಟ್ಟಿದ ಹಾಗಾಯ್ತಾ? ಆಮೇಲೆ ನಿದ್ದೆ ಸರಿಯಾಗಿ ಬರ್ತಿತ್ತಾ?’

ದೊಡ್ಡಮ್ಮ ಮೊದಲು ತಡವರಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ನಮಗೆ ಯಾರಿಗೂ ಹೇಳದಿದ್ದ ಒಂದನ್ನೂ ಹೇಳಿದಳು. ಎಷ್ಟೋ ವರ್ಷ ರಾತ್ರಿ ಕರೆಂಟು ಹೋದಾಗಲೆಲ್ಲ ಅವಳು ಎದ್ದು ಕೂತು, ಕೈಬೆರಳು ಮಡಚಿ ಬಿಡಿಸಿ, ಅಲುಗುತ್ತವೆಯೇ ಎಂದು ನೋಡಿಕೊಳ್ಳುತ್ತಿದ್ದಳಂತೆ.

‘ನಿಮಗಾಗಿದ್ದು ಕನಸಲ್ಲಮ್ಮ. ಅಪರೂಪಕ್ಕೆ ಹಾಗಾಗುತ್ತೆ. ಆಗ ಯಾರಾದ್ರೂ ನಿಮಗೆ ಇದನ್ನ ಹೇಳ್ಬೇಕಿತ್ತು’ ಎಂದರು ಡಾಕ್ಟರ್.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕಿಟಕಿಯ ಕಡೆ ನೋಡಿದೆ.

‘ಬೆನ್ನಿಗೆ ಕೊಡೋ ಇಂಜೆಕ್ಷನ್‌ನಲ್ಲೇ ಮುಗಿಸಕ್ಕಾಗಲ್ವಾ ಡಾಕ್ಟ್ರೇ?’ ಎಂದು ದೊಡ್ಡಮ್ಮ ಕೇಳಿದಳು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಸಣ್ಣ ತೂತಿನಿಂದ ಮಾಡುವ ಆಪರೇಷನ್ ಇದು. ಆ ಅನಿಲ ಉಸಿರಿಗೆ ಒತ್ತುತ್ತದೆ, ಅದಕ್ಕೇ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯೇ ಬೇಕು ಎಂದರು. ತಾವೇನು ಮಾಡುತ್ತೇವೆ ಎಂದೂ ಬಿಡಿಸಿ ಹೇಳಿದರು. ಉಸಿರಿನಲ್ಲಿ ಅನಿಲ ಎಷ್ಟಿದೆ ಎಂದು ಪ್ರತಿ ಉಸಿರಿಗೂ ಅಳೆಯುವ ಯಂತ್ರವಿದೆ, ಕಡಿಮೆಯಾದರೆ ಅಲಾರಂ ಹೊಡೆಯುತ್ತದೆ. ಹಣೆಗೂ ಪಟ್ಟಿ ಹಾಕುತ್ತೇವೆ. ಮುಗಿದ ಮೇಲೆ, ಎಬ್ಬಿಸುವ ಮೊದಲು, ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ಮಿಡಿತ ಕೊಟ್ಟು ಹೆಬ್ಬೆರಳು ನಾಲ್ಕೂ ಸಲ ಸರಿಯಾಗಿ ಅಲುಗುತ್ತದೆಯೇ ಎಂದು ನೋಡಿ, ಆಮೇಲೆ ಎಬ್ಬಿಸುತ್ತೇವೆ. ಬಿಪಿ ಮಾತ್ರೆಯನ್ನು ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿ.

ನಾನು ತಡೆಯಲಾರದೆ ಕೇಳಿದೆ. ‘ಇಷ್ಟರಲ್ಲಿ ನೀವು ಯಾವುದನ್ನ ನಂಬ್ತೀರಿ ಮೇಡಂ?’

‘ಯಾವುದನ್ನೂ ಒಂದನ್ನೇ ನಂಬಲ್ಲ. ಅನಿಲ ಒಂದು ಹೇಳುತ್ತೆ, ಅಲೆ ಒಂದು ಹೇಳುತ್ತೆ, ಬಿಪಿ ಒಂದು. ಮೂರೂ ಒಂದೇ ಮಾತು ಹೇಳ್ತಿವೆಯಾ ಅಂತ ನೋಡ್ತೀನಿ. ಹೇಳದೇ ಇದ್ರೆ ಪೇಷಂಟ್ ಹತ್ರ ಹೋಗಿ ನೋಡ್ತೀನಿ. ನಾಳೆ ಎದ್ದ ಮೇಲೆ ಅವರನ್ನೂ ಕೇಳ್ತೀನಿ.’

ಹೇಳಿದಂತೆಯೇ ಕೇಳಿದರು. ಆಪರೇಷನ್ ಆದ ಸಂಜೆ ವಾರ್ಡಿಗೆ ಬಂದು, ಹಾಸಿಗೆಯ ಪಕ್ಕದ ಸ್ಟೂಲ್ ಎಳೆದುಕೊಂಡರು. ‘ನಿದ್ದೆ ಹೋಗೋ ಮುಂಚೆ ಕೊನೇದಾಗಿ ಏನು ನೆನಪಿದೆಯಮ್ಮಾ?’

‘ನೀವು ಕೈ ಹಿಡ್ಕೊಂಡು, ಎಷ್ಟು ಹಸು ಇದಾವೆ ಅಂತ ಕೇಳಿದ್ರಿ.’

‘ಎದ್ದಾಗ ಮೊದ್ಲು?’

‘ಯಾರೋ ಕಣ್ಣು ಬಿಡಿ ಅಂದ್ರು.’

‘ನಡುವೆ ಏನಾದ್ರೂ? ಕನಸು? ಮಾತು?’

ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ‘ಇಲ್ಲ ಡಾಕ್ಟ್ರೇ. ಏನೂ ಇಲ್ಲ.’

ಈ ಪ್ರಶ್ನೆಗಳು ಆ ಡಾಕ್ಟರ್ ಸ್ವಂತಕ್ಕೆ ಹೊಳೆದವಲ್ಲ, 1970ರಿಂದಲೂ ಬಳಕೆಯಲ್ಲಿವೆ ಎಂದು ಆಮೇಲೆ ಓದಿದೆ. ಯಾವ ಚಿಪ್ಪೂ ಬೇಡ, ಒಂದು ಸ್ಟೂಲ್ ಮತ್ತು ಐದು ನಿಮಿಷ ಇದ್ದರೆ ಸಾಕು.

ಗೆಳೆಯರೇ, ಇದನ್ನು ಓದಿ ಆಪರೇಷನ್ ಎಂದರೆ ಹೆದರಬೇಡಿ. ಅರಿವಳಿಕೆಯ ನಡುವೆ ಎಚ್ಚರವಾಗುವುದು ನಿಜಕ್ಕೂ ಅಪರೂಪ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ, ಹಿಂದೆ ಇಂಥ ಅನುಭವ ಆಗಿದ್ದರೆ, ದಿನಾ ಯಾವ ಮಾತ್ರೆ ತಿನ್ನುತ್ತಾರೆ, ಕುಡಿಯುವ ಅಭ್ಯಾಸ ಇದೆಯೇ, ಎಲ್ಲವನ್ನೂ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ಹೇಳಿ. ಮುಜುಗರಕ್ಕೆ ಬಚ್ಚಿಟ್ಟರೆ ಔಷಧದ ಲೆಕ್ಕ ತಪ್ಪಬಹುದು.

ಇನ್ನು ನಮ್ಮಂಥವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಬಯೊಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದಿದವರಷ್ಟೇ ಅಲ್ಲ, ಸಿಗ್ನಲ್ ಪ್ರೊಸೆಸಿಂಗ್ ಇಷ್ಟವಾದ ಯಾವ ಇ.ಸಿ. ವಿದ್ಯಾರ್ಥಿಯೂ ಕೈ ಹಾಕಬಹುದು. ಪಿಯುಸಿ ಮುಗಿಸಿದವರಿಗೆ ಅರಿವಳಿಕೆ ಮತ್ತು ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಬಿ.ಎಸ್ಸಿ. ಕೋರ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿದೆ. ಕೋಡ್ ಬರೆಯುವ ಮೊದಲು ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬನ್ನಿ ಎಂದಷ್ಟೇ ನನ್ನ ಸಲಹೆ.

ನಮ್ಮ ರಿಪೋರ್ಟಿನ ಹೆಸರು ಬದಲಾಯಿಸಿದೆವು. ‘ಇಇಜಿಯಿಂದ ಬಿಸ್ ಸಂಖ್ಯೆಯ ಅಂದಾಜು’. ಕೊನೆಗೊಂದು ಪುಟ ಸೇರಿಸಿ, ಈ ಮಾಡೆಲ್ ಏನನ್ನು ಹೇಳಲಾರದು ಎಂದು ಪಟ್ಟಿ ಮಾಡಿದೆವು. ವೈವಾದಲ್ಲಿ ಎಕ್ಸಾಮಿನರ್ ಹೆಚ್ಚು ಪ್ರಶ್ನೆ ಕೇಳಿದ್ದು ಆ ಪುಟದ ಮೇಲೆಯೇ.

ಸಂಕ್ರಾಂತಿಗೆ ಊರಿಗೆ ಹೋದಾಗ ಎಲ್ಲರೂ ಸೇರಿದ್ದರು. ಚಿಕ್ಕಪ್ಪ ರ‍ೂಢಿಯಂತೆ, ‘ಏನಕ್ಕಾ, ಈ ಸಲನೂ ಜನರೇಟ್ರು ಕೇಳಿಸ್ತಾ?’ ಎಂದರು. ಯಾರೋ ನಗಲು ಶುರು ಮಾಡಿದರು.

‘ಅದು ನಿಜವಾಗಿ ಆಗಿದ್ದು ಚಿಕ್ಕಪ್ಪ’ ಎಂದೆ. ಲ್ಯಾಪ್‌ಟಾಪ್ ತೆಗೆದು 670ರ ಸಾಲು ತೋರಿಸಿದೆ. ಚಿಕ್ಕಪ್ಪ ಎರಡು ಸಲ ಓದಿಸಿಕೊಂಡರು, ಮತ್ತೆ ಏನೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ನಾನು ದೊಡ್ಡಮ್ಮನ ಹತ್ತಿರ ಹೋಗಿ, ‘ನಾನೂ ನಗ್ತಿದ್ದೆ ದೊಡ್ಡಮ್ಮ, ತಪ್ಪಾಯ್ತು’ ಎಂದೆ.

ಅವಳು ಎಳ್ಳುಬೆಲ್ಲದ ಡಬ್ಬಿ ನನ್ನ ಕೈಗಿಟ್ಟಳು. ‘ಹೋಗ್ಲಿ ಬಿಡು ಪುಟ್ಟಿ. ಆ ಡಾಕ್ಟ್ರಮ್ಮಂಗೆ ಇದ್ರಲ್ಲಿ ಒಂದಿಷ್ಟು ತಗೊಂಡೋಗಿ ಕೊಡು. ಕೇಳಿದ್ರಲ್ಲ, ಅಷ್ಟು ಸಾಕು.’